‘ದಂಡ ಕಟ್ಟಿ ಕೈ ತೊಳ್ಕೋ’ ಅನ್ನುವ ಮುಂಚೆ

ಮನೆಯಲ್ಲೊಬ್ಬ ವಕೀಲರಿದ್ದರೆ ನೆಂಟರಿಷ್ಟರ ಕೇಸುಗಳೆಲ್ಲ ಮೊದಲು ಬರುವುದು ಆ ಮನೆಯ ಉಳಿದವರ ಫೋನಿಗೆ. ನಮ್ಮ ಭಾವ ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ. ಅವರಿಗೆ ನೇರವಾಗಿ ಫೋನ್ ಮಾಡಲು ಸಂಕೋಚಪಡುವವರು ನನಗೆ ಮಾಡಿ, ‘ಇಷ್ಟಕ್ಕೆಲ್ಲ ಅವರಿಗ್ಯಾಕೆ ತೊಂದರೆ, ನೀನೇ ಹೇಳಿಬಿಡು’ ಅನ್ನುತ್ತಾರೆ. ಜಮೀನು, ಪಾಲು, ವಿಚ್ಛೇದನದ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ. ಟ್ರಾಫಿಕ್ ಕೇಸಿನಲ್ಲಿ ಮಾತ್ರ, ಭಾವನ ಆಫೀಸಿನ ಬೆಂಚಿನ ಮೇಲೆ ಕೂತು ಕೇಳಿ ಕೇಳಿ, ಯಾವುದನ್ನು ವಕೀಲರ ತನಕ ಒಯ್ಯಬೇಕು, ಯಾವುದನ್ನು ಒಯ್ಯುವುದು ದಂಡ ಅನ್ನುವ ಒಂದು ಅಂದಾಜು ಬಂದಿದೆ.

ಆ ಫೋನುಗಳಲ್ಲಿ ಒಂದು ವಿಚಿತ್ರ ನೋಡಿದ್ದೇನೆ. ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದು ಐನೂರು ರೂಪಾಯಿಯ ನೋಟಿಸ್ ಬಂದವನು ಅರ್ಧ ಗಂಟೆ ವಾದ ಮಾಡುತ್ತಾನೆ. ಕ್ಯಾಮೆರಾ ಸರಿಯಿಲ್ಲ, ಅಲ್ಲಿ ಬೋರ್ಡ್ ಇರಲಿಲ್ಲ, ಪಕ್ಕದವನನ್ನು ಯಾಕೆ ಹಿಡಿಯಲಿಲ್ಲ, ಹೈಕೋರ್ಟಿಗೆ ಹೋದರೂ ಸೈ. ಅದೇ ಅಪಘಾತ ಮಾಡಿ ಎಫ್‌ಐಆರ್ ಆದವನು ತಣ್ಣಗಿರುತ್ತಾನೆ. ‘ಏನಿಲ್ಲ ಅಣ್ಣಾ, ಕೋರ್ಟಲ್ಲಿ ಒಪ್ಕೊಂಡು ಒಂದಿಷ್ಟು ದಂಡ ಕಟ್ಟಿದ್ರೆ ಮುಗೀತಂತೆ. ವಕೀಲರಿಗ್ಯಾಕೆ ಸುಮ್ನೆ ದುಡ್ಡು?’ ಹೆದರಬೇಕಾದವನಿಗೆ ಹೆದರಿಕೆಯಿಲ್ಲ, ಹೆದರಬೇಕಿಲ್ಲದವನಿಗೆ ನಿದ್ದೆಯಿಲ್ಲ. ಇಬ್ಬರೂ ಅಳೆಯುತ್ತಿರುವುದು ದಂಡದ ಮೊತ್ತವನ್ನು. ವಕೀಲರು ಬೇಕೋ ಬೇಡವೋ ಅನ್ನುವುದಕ್ಕೂ ಆ ಮೊತ್ತಕ್ಕೂ ಹೆಚ್ಚು ಸಂಬಂಧವೇ ಇಲ್ಲ.

ಮೊದಲು ನೋಡಬೇಕಾದದ್ದು ದುಡ್ಡು ಕಟ್ಟುತ್ತಿರುವುದು ಯಾರಿಗೆ ಅನ್ನುವುದನ್ನು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರ ಪ್ರಕಾರ ಕೆಲವು ಅಪರಾಧಗಳನ್ನು ಪೊಲೀಸ್ ಅಥವಾ ಸಾರಿಗೆ ಅಧಿಕಾರಿಯ ಮಟ್ಟದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಹಾಗೆ ಕಟ್ಟಿದರೆ ಆ ಅಪರಾಧಕ್ಕೆ ಮುಂದೆ ಕೋರ್ಟಿನ ನಡವಳಿ ಇಲ್ಲ. ಹೆಲ್ಮೆಟ್, ಸೀಟ್ ಬೆಲ್ಟ್, ನೋ ಪಾರ್ಕಿಂಗ್, ಸಾಮಾನ್ಯ ಓವರ್‌ಸ್ಪೀಡ್ ಎಲ್ಲ ಬಹುಪಾಲು ಈ ಬುಟ್ಟಿಯವೇ. ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ‘ತಪ್ಪಾಯ್ತು ಸ್ವಾಮಿ’ ಎಂದು ಕಟ್ಟುವ ದಂಡ ಬೇರೆ ಜಾತಿಯದು. ಅದು ಶಿಕ್ಷೆ. ರಸೀದಿ ಎರಡೂ ಕಡೆ ಒಂದೇ ಥರ ಕಾಣಬಹುದು, ಮೊತ್ತವೂ ಹೆಚ್ಚುಕಮ್ಮಿ ಒಂದೇ ಇರಬಹುದು. ಆದರೆ ಒಂದರಲ್ಲಿ ನೀವು ರಾಜಿಯಾದಿರಿ, ಇನ್ನೊಂದರಲ್ಲಿ ಅಪರಾಧಿ ಎಂದು ತೀರ್ಪಾಯಿತು.

ರಾಜಿಯಲ್ಲಿ ಮುಗಿಯುವ ಚಲನ್‌ಗೆ ವಕೀಲರನ್ನು ಹಿಡಿಯುವುದು, ನನ್ನ ಮಟ್ಟಿಗೆ, ದುಡ್ಡಿಗೆ ದಂಡ. ಭಾವನೇ ಇಂಥವರನ್ನು ವಾಪಸ್ ಕಳಿಸುತ್ತಾರೆ. ‘ನನ್ನ ಫೀಸು ನಿನ್ನ ಫೈನಿಗಿಂತ ಜಾಸ್ತಿ ಆಗುತ್ತೆ, ಹೋಗಪ್ಪ’ ಅಂತ. ಆದರೂ ಒಂದು ವಿಷಯ ತಿಳಿದಿರಲಿ. 2019ರ ತಿದ್ದುಪಡಿ ಸೆಕ್ಷನ್ 200ಕ್ಕೆ ಬಾಲವೊಂದನ್ನು ಸೇರಿಸಿತು: ರಾಜಿಯಾಗಿದ್ದರೂ ಅದು ಹಿಂದಿನ ಅಪರಾಧ ಎಂದೇ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸಲ ಅದೇ ತಪ್ಪು ಮಾಡಿದರೆ ಅದು ‘ಎರಡನೇ ಸಲ’. ಡಿಎಲ್ ಮೇಲೆ ಕ್ರಮ ಜರುಗಿಸುವ ಅಧಿಕಾರವೂ ಹಾಗೇ ಉಳಿಯುತ್ತದೆ. ಹೆಲ್ಮೆಟ್ಟಿನ ಸೆಕ್ಷನ್ 194ಡಿ ಓದಿದರೆ ಅದರಲ್ಲಿರುವುದು ಬರೀ ದಂಡವಲ್ಲ, ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ. ಕಾಯ್ದೆಯಲ್ಲಿ ಸಾವಿರವಿದ್ದ ಆ ದಂಡವನ್ನು ಕರ್ನಾಟಕ ಐನೂರಕ್ಕೆ ಇಳಿಸಿತು. ಜನ ನೆನಪಿಟ್ಟುಕೊಂಡದ್ದು ಆ ಐನೂರನ್ನು ಮಾತ್ರ.

ಅರ್ಧಕ್ಕರ್ಧ ರಿಯಾಯಿತಿಗೆ ಕಾಯುವವರ ಸಂಗತಿ ಬೇರೆ. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ, ಸರ್ಕಾರ ಹಳೆಯ ಇ-ಚಲನ್‌ಗಳಿಗೆ ಶೇಕಡ 50 ರಿಯಾಯಿತಿ ಕೊಟ್ಟಾಗ ಕಟ್ಟಲು ಜನ ಮುಗಿಬಿದ್ದರು. ಅಂದಿನಿಂದ ‘ಈಗ್ಯಾಕೆ ಕಟ್ಟೋದು, ಮುಂದೆ ಬಿಡ್ತಾರೆ’ ಅನ್ನುವ ಒಂದು ಪಂಗಡವೇ ಹುಟ್ಟಿಕೊಂಡಿದೆ. ಪ್ರಾಮಾಣಿಕವಾಗಿ ಗಡುವಿನೊಳಗೆ ಪೂರ್ತಿ ಕಟ್ಟಿದವನು ಪೆದ್ದನಾದ ಎನ್ನುವುದು ನನ್ನ ಸಿಟ್ಟು, ಅದು ಇರಲಿ. ಕಾಯುವ ಆಟ ಸಣ್ಣ ಚಲನ್‌ಗೆ ನಡೆಯಬಹುದು. ಕೋರ್ಟಿನಿಂದ ಸಮನ್ಸ್ ಬಂದ ಮೇಲೆ ಆಡಿದರೆ ಮುಂದಿನ ಕಾಗದ ವಾರಂಟ್.

ಚಲನ್ ತಪ್ಪಾಗಿ ಬಂದಿದ್ದರೆ? ಇಲ್ಲೂ ಸಾಮಾನ್ಯವಾಗಿ ವಕೀಲರು ಬೇಡ, ತಾಳ್ಮೆ ಬೇಕು. ಮೊನ್ನೆ ಚಿಕ್ಕಮ್ಮನ ಮಗ ಒಂದು ನೋಟಿಸ್ ತೋರಿಸಿದ. ಅದರಲ್ಲಿನ ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ನಂಬರ್ ಪ್ಲೇಟಿನ 3 ಅನ್ನು ಯಾರೋ 8 ಎಂದು ಓದಿದ್ದರು. ಗಾಡಿ ಅದೇ ಕಂಪನಿಯದು, ಬಣ್ಣವೂ ಹತ್ತಿರ ಹತ್ತಿರ. ಆದರೆ ಫೋಟೊದ ಸ್ಕೂಟರಿಗೆ ಹಿಂದೆ ಹಿಡಿಕೆ ಇತ್ತು, ಇವನದಕ್ಕಿಲ್ಲ. ಆರ್‌ಸಿ, ತನ್ನ ಗಾಡಿಯ ಹಿಂಬದಿ ಫೋಟೊ, ನೋಟಿಸಿನ ಪ್ರತಿ ಮೂರನ್ನೂ ಸೇರಿಸಿ ಸಂಚಾರ ಪೊಲೀಸರಿಗೆ ಇ-ಮೇಲ್ ಮಾಡಿದ. ರದ್ದಾಯಿತು. ಇಂಥದ್ದಕ್ಕೆ ಕಾನೂನಿನಲ್ಲೇ ಹಿಡಿಯಲು ಕೊಂಬೆಗಳಿವೆ. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾ ಹಿಡಿದ ಉಲ್ಲಂಘನೆಯ ನೋಟಿಸನ್ನು 15 ದಿನದೊಳಗೆ ಕಳಿಸಬೇಕು, ಯಂತ್ರಕ್ಕೆ ಪ್ರತಿ ವರ್ಷ ನವೀಕರಿಸುವ ಅನುಮೋದನೆ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಯಲ್ಲಿ ಮುಂಚೆಯೇ ಎಚ್ಚರಿಕೆಯ ಫಲಕ ಇರಬೇಕು. ಇವನ್ನು ಪತ್ರದಲ್ಲಿ ಎರಡು ಸಾಲು ಬರೆಯಲು ಕಪ್ಪು ಕೋಟು ಬೇಕಿಲ್ಲ. ಹಾಂ, ವಾಟ್ಸ್ಆ್ಯಪ್‌ನಲ್ಲಿ ಬರುವ ‘ಚಲನ್’ ಫೈಲನ್ನು ಮಾತ್ರ ತೆರೆಯಬೇಡಿ. ಎಪಿಕೆ ಎಂದು ಕೊನೆಗೊಳ್ಳುವುದು ಫೋನಿಗೆ ಆ್ಯಪ್ ಇಳಿಸುವ ಫೈಲು; ಅದು ನೋಟಿಸ್ ಅಲ್ಲ, ನಿಮ್ಮ ಬ್ಯಾಂಕಿನ ಖಾತೆಗೆ ಹಾಕಿದ ಕನ್ನ.

ವರ್ಚುವಲ್ ಕೋರ್ಟಿನ ಎಸ್ಸೆಮ್ಮೆಸ್ ಬಂದಾಗ ಮಾತ್ರ ಒಂದು ಕ್ಷಣ ನಿಲ್ಲಿ. ಕೂತಲ್ಲೇ ಫೋನಿನಲ್ಲಿ ದಂಡ ಕಟ್ಟುವ ಈ ವ್ಯವಸ್ಥೆ ತುಂಬಾ ಅನುಕೂಲದ್ದು, ನಿಜ. ಆದರೆ ಹೆಸರಿಗೆ ತಕ್ಕಂತೆ ಅದು ಕೋರ್ಟೇ. ಅಲ್ಲಿ ಕಟ್ಟುವುದೆಂದರೆ ಒಪ್ಪಿಕೊಂಡ ಹಾಗೆ. ಕೇಸು ನಡೆಸುತ್ತೇನೆ ಅನ್ನುವ ಇನ್ನೊಂದು ಆಯ್ಕೆಯೂ ಅದೇ ಪುಟದಲ್ಲಿರುತ್ತದೆ, ಅದನ್ನು ಒತ್ತಿದರೆ ಕಡತ ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಯಾವುದನ್ನು ಒತ್ತಬೇಕೆಂದು ಗೊತ್ತಿಲ್ಲದಿದ್ದರೆ, ಒತ್ತುವ ಮುಂಚೆ ಯಾರನ್ನಾದರೂ ಕೇಳುವುದಕ್ಕೆ ಇದೇ ಸಮಯ.

ಒಂದೇ ಚಲನ್ ಇಬ್ಬರಿಗೆ ಹೇಗೆ ಬೇರೆಯಾಗುತ್ತದೆ ಅನ್ನುವುದನ್ನು ನನಗೆ ತಿಳಿಸಿಕೊಟ್ಟವರು ಒಬ್ಬ ಕ್ಯಾಬ್ ಚಾಲಕರು. ಕೆಂಪು ದೀಪ ದಾಟಿದ್ದರು. ಗಾಡಿ ಓಡಿಸುತ್ತಾ ಮೊಬೈಲ್ ಹಿಡಿಯುವುದು, ಸಿಗ್ನಲ್ ಹಾರುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಇವೆಲ್ಲ 2019ರ ನಂತರ ಸೆಕ್ಷನ್ 184ರ ‘ಅಪಾಯಕಾರಿ ಚಾಲನೆ’ಯ ವಿವರಣೆಯೊಳಗೆ ಬಂದಿವೆ. ಆ ಸೆಕ್ಷನ್ನಿನಲ್ಲಿ ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ₹1,000ದಿಂದ ₹5,000 ದಂಡ, ಇಲ್ಲವೇ ಎರಡೂ. ಅವರ ಕೇಸಿನಲ್ಲಿ ಜೈಲಿನ ಮಾತು ಬರಲಿಲ್ಲ, ದಂಡವೂ ದೊಡ್ಡದಾಗಿರಲಿಲ್ಲ. ಬಂದದ್ದು ಆರ್‌ಟಿಒ ಕಚೇರಿಯ ನೋಟಿಸ್: ನಿಮ್ಮ ಡಿಎಲ್ ಯಾಕೆ ಅಮಾನತು ಮಾಡಬಾರದು, ಕಾರಣ ತಿಳಿಸಿ. ನನ್ನಂಥವನಿಗೆ ಮೂರು ತಿಂಗಳು ಡಿಎಲ್ ಇಲ್ಲದಿದ್ದರೆ ಬಸ್ಸಿದೆ. ಅವರಿಗೆ ಆ ಮೂರು ತಿಂಗಳು ಮನೆಯ ಬಾಡಿಗೆ, ಗಾಡಿಯ ಕಂತು, ಮಕ್ಕಳ ಫೀಸು ಎಲ್ಲದರ ಪ್ರಶ್ನೆ. 2015ರಲ್ಲೇ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಅತಿವೇಗ, ಸಿಗ್ನಲ್ ಉಲ್ಲಂಘನೆ, ಓವರ್‌ಲೋಡ್, ಕುಡಿದು ಓಡಿಸುವುದು, ಮೊಬೈಲ್ ಬಳಕೆ ಇಂಥವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ರಾಜ್ಯಗಳಿಗೆ ಹೇಳಿತ್ತು.

ಈ ಚಾಲಕರು ಆ ನೋಟಿಸನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮಡಚಿಟ್ಟು ಓಡಾಡುತ್ತಿದ್ದರು. ಭಾವ ಓದಿ, ‘ಇದಕ್ಕೆ ಉತ್ತರ ಕೊಡದಿದ್ದರೆ ನೀವು ಒಪ್ಪಿಕೊಂಡಿರಿ ಅಂತ ತಿಳ್ಕೊಳ್ತಾರೆ ಯಜಮಾನ್ರೇ’ ಅಂದರು. ಸೆಕ್ಷನ್ 19ರಲ್ಲಿ ಅಮಾನತಿಗೆ ಮುಂಚೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎಂದಿದೆ. ಆದೇಶವಾದರೂ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಹೊಟ್ಟೆಪಾಡು ಡಿಎಲ್ ಮೇಲೆ ನಿಂತವರಿಗೆ ಸಣ್ಣ ಚಲನ್ ಎಂಬುದಿಲ್ಲ. ಅವರು ದಂಡ ಕಟ್ಟುವ ಮೊದಲೇ ಒಮ್ಮೆ ವಕೀಲರನ್ನು ಕಾಣುವುದು ಲೇಸು.

ಕುಡಿದು ಓಡಿಸಿದ ಕೇಸುಗಳಲ್ಲಿ ನನಗೆ ಕನಿಕರ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಕಾನೂನು ಬದಲಾಗುವುದಿಲ್ಲವಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಸೆಕ್ಷನ್ 185. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ₹10,000 ದಂಡ ಅಥವಾ ಎರಡೂ; ಎರಡನೇ ಸಲಕ್ಕೆ ಎರಡು ವರ್ಷದವರೆಗೆ, ದಂಡ ₹15,000. ಇದು ರಸ್ತೆಯಲ್ಲಿ ಮುಗಿಯುವುದಿಲ್ಲ, ಕೋರ್ಟಿಗೇ ಹೋಗಬೇಕು. ಗಾಡಿ ಠಾಣೆಯಲ್ಲಿರುತ್ತದೆ, ಗಾಡಿ ಬೇಕೆಂಬ ಆತುರಕ್ಕೆ ಜನ ಬೆಳಗ್ಗೆಯೇ ಸಾಲಿನಲ್ಲಿ ನಿಂತು ಒಪ್ಪಿಕೊಂಡು ಬರುತ್ತಾರೆ. ಮೊದಲ ಸಲ, ಅಪಘಾತವೇನೂ ಆಗಿಲ್ಲ, ಉಸಿರು ಪರೀಕ್ಷಿಸುವ ಯಂತ್ರದ ಚೀಟಿಯ ಅಂಕಿ ಮಿತಿಗಿಂತ ತುಂಬಾ ಮೇಲಿದೆ, ಅಂಥವನಿಗೆ ವಕೀಲರು ಮಾಡಿಕೊಡುವುದು ಬಹಳವೇನೂ ಇಲ್ಲ. ಅಂಕಿ ಗಡಿಯ ಹತ್ತಿರವಿದ್ದರೆ, ಎರಡನೇ ಸಲವಾಗಿದ್ದರೆ, ಇಲ್ಲವೇ ಜೊತೆಗೆ ಯಾರಿಗಾದರೂ ಪೆಟ್ಟಾಗಿದ್ದರೆ, ವಕೀಲರಿಲ್ಲದೆ ಕಟಕಟೆ ಹತ್ತುವುದು ಹುಚ್ಚುತನ.

ಮಗನ ಕೈಗೆ ಸ್ಕೂಟರ್ ಕೊಟ್ಟ ಅಪ್ಪಂದಿರ ಫೋನು ಬರುವುದು ಸಾಮಾನ್ಯವಾಗಿ ಸಂಜೆ, ಮೆಲುದನಿಯಲ್ಲಿ. ‘ಟ್ಯೂಷನ್‌ಗೆ ಹೋಗಿದ್ದ ಕಣಪ್ಪಾ, ಇಲ್ಲೇ ಎರಡು ಬೀದಿ ಆಚೆ.’ ಸೆಕ್ಷನ್ 199ಎ ಓದಿ ಹೇಳಿದ ಮೇಲೆ ದನಿ ಇನ್ನೂ ಇಳಿಯುತ್ತದೆ. ಅಪ್ರಾಪ್ತ ವಯಸ್ಸಿನವರು ಅಪರಾಧ ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರೆಂದು ಕೋರ್ಟು ಭಾವಿಸುತ್ತದೆ. ಮೂರು ವರ್ಷದವರೆಗೆ ಜೈಲು, ₹25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡುವ ಹೊರೆ ಅಪ್ಪನ ಮೇಲೆ. ಇದಕ್ಕೆ ವಕೀಲರು ಬೇಕೇ ಎಂದು ನಾನು ಎರಡನೇ ಮಾತಾಡುವುದಿಲ್ಲ, ಭಾವನ ನಂಬರ್ ಕೊಟ್ಟುಬಿಡುತ್ತೇನೆ.

ಇನ್ನು ಅಪಘಾತ. ಇದರ ಬಗ್ಗೆ ಬರೆಯಬೇಕೆಂದೇ ಇಷ್ಟೆಲ್ಲ ಪೀಠಿಕೆ.

ನಮ್ಮ ಬೀದಿಯ ಹುಡುಗನೊಬ್ಬ, ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿಲ್ಲ, ಸಂಜೆ ಬೈಕಿನಲ್ಲಿ ಬರುವಾಗ ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರಿಗೆ ತಾಗಿಸಿದ. ಓಡಿಹೋಗಲಿಲ್ಲ. ಆಟೊದಲ್ಲಿ ಆಸ್ಪತ್ರೆಗೆ ಸೇರಿಸಿದ, ಪೊಲೀಸರಿಗೂ ತಾನೇ ತಿಳಿಸಿದ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಹೇಳುವುದೂ ಅದನ್ನೇ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ಹಿರಿಯರ ಕಾಲಿನ ಮೂಳೆ ಮುರಿದಿತ್ತು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 ಮತ್ತು 125(ಬಿ) ಹಾಕಿ ಎಫ್‌ಐಆರ್ ಆಯಿತು. 2024ರ ಜುಲೈ 1ರ ಮುಂಚೆ ಇದೇ ಹಳೆಯ ಭಾರತೀಯ ದಂಡ ಸಂಹಿತೆಯ 279, 338 ಎಂದಿರುತ್ತಿತ್ತು, ಕೋರ್ಟಿನ ಸುತ್ತ ಓಡಾಡುವವರ ಬಾಯಲ್ಲಿ ಈಗಲೂ ಹಳೆಯ ನಂಬರುಗಳೇ. 281ಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರದವರೆಗೆ ದಂಡ. 125(ಬಿ)ಗೆ ಮೂರು ವರ್ಷದವರೆಗೆ ಜೈಲು ಅಥವಾ ₹10,000ದವರೆಗೆ ದಂಡ. ಜಾಮೀನು ಸಿಗುವ ಅಪರಾಧಗಳೇ, ಠಾಣೆಯಲ್ಲೇ ಜಾಮೀನಾಯಿತು. ಬೈಕನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷೆ ಮಾಡಿದ ಮೇಲೆ ಬಿಡಿಸಿಕೊಂಡದ್ದೂ ಆಯಿತು. ಅಲ್ಲಿಗೆ ಮನೆಯವರಿಗೆಲ್ಲ ನಿರಾಳ.

ತಿಂಗಳುಗಳ ನಂತರ ಚಾರ್ಜ್‌ಶೀಟ್ ಸಲ್ಲಿಕೆಯಾಗಿ ಸಮನ್ಸ್ ಬಂತು. ಆ ದಿನ ನಾನೂ ಜೊತೆಗೆ ಹೋಗಿದ್ದೆ. ಕೋರ್ಟ್ ಹಾಲಿನ ಬಾಗಿಲಲ್ಲಿ ಅವತ್ತಿನ ಕೇಸುಗಳ ಪಟ್ಟಿ ಅಂಟಿಸಿದ್ದರು, ಜನ ಬೆರಳಿಟ್ಟು ಬೆರಳಿಟ್ಟು ಅದರ ಮಧ್ಯದ ಸಾಲುಗಳೇ ಅಳಿಸಿಹೋಗಿದ್ದವು. ಅಲ್ಲೇ ಗೋಡೆಗೊರಗಿ ನಿಂತಿದ್ದ ಒಬ್ಬ, ವಕೀಲನಲ್ಲ, ಗುಮಾಸ್ತನೂ ಅಲ್ಲ, ಹುಡುಗನ ಕೈಯ ಕಾಗದ ಇಣುಕಿ ನೋಡಿ, ‘ಇದಾ? ಒಪ್ಕೊಂಡ್ಬಿಡಿ. ಇಲ್ದಿದ್ರೆ ನಾಲ್ಕು ವರ್ಷ ಅಲೀಬೇಕು. ನಾನು ಹೇಳಿಸ್ತೀನಿ, ಕಮ್ಮೀಲಿ ಆಗುತ್ತೆ’ ಅಂದ. ಒಳಗೆ ನಡೆಯುತ್ತಿದ್ದುದೂ ಅವನ ಮಾತಿಗೆ ಸಾಕ್ಷಿ ಹೇಳುವಂತೆಯೇ ಇತ್ತು. ಹೆಸರು ಕೂಗುತ್ತಾರೆ, ಆಸಾಮಿ ಕೈಮುಗಿದು ಮುಂದೆ ಹೋಗುತ್ತಾನೆ, ಆರೋಪ ಓದಿ ಹೇಳುತ್ತಾರೆ, ‘ಒಪ್ಪಿಕೊಳ್ತೀರಾ, ಕೇಸು ನಡೆಸ್ತೀರಾ?’, ‘ಒಪ್ಕೊಳ್ತೀನಿ ಸ್ವಾಮಿ’, ಒಂದು ರುಜು. ಒಬ್ಬೊಬ್ಬರದು ಒಂದೆರಡು ನಿಮಿಷ. ನಮ್ಮ ಹುಡುಗನ ಕಣ್ಣಲ್ಲಿ ಆಸೆ ಮೂಡಿದ್ದು ಕಂಡಿತು: ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮುಗಿದುಹೋಗಬಹುದು.

ಭಾವ ಅವನನ್ನು ಹೊರಗೆ ಕರೆದು ಮೂರೇ ಪ್ರಶ್ನೆ ಕೇಳಿದರು. ಅವತ್ತು ಬೈಕಿನ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತಾ? ಡಿಎಲ್ ಆ ಗಾಡಿಯ ವರ್ಗದ್ದೇನಾ? ಆ ಹಿರಿಯರ ಕಡೆಯವರು ಪರಿಹಾರದ ಅರ್ಜಿ ಹಾಕಿದ್ದಾರಾ?

ಮೂರನೆಯ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. ಬಹಳ ಜನಕ್ಕೆ ಆಗುವುದಿಲ್ಲ. ಒಂದೇ ಅಪಘಾತದಿಂದ ಎರಡು ಕೇಸು ಹುಟ್ಟುತ್ತವೆ. ಒಂದು ಸರ್ಕಾರ ನಿಮ್ಮ ಮೇಲೆ ಹಾಕುವ ಕ್ರಿಮಿನಲ್ ಕೇಸು. ಇನ್ನೊಂದು, ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರಡಿ ಹಾಕುವ ಪರಿಹಾರದ ಕೇಸು. ಮೊದಲನೆಯದರಲ್ಲಿ ನೀವು ‘ಒಪ್ಕೊಳ್ತೀನಿ ಸ್ವಾಮಿ’ ಎಂದ ಆ ಹಾಳೆಯ ನಕಲು ಪ್ರತಿ ಎರಡನೆಯದರಲ್ಲಿ ದಾಖಲೆಯಾಗಿ ಬಂದು ಕೂರುತ್ತದೆ. ಅಜಾಗರೂಕತೆ ನಿಮ್ಮದೇ ಎನ್ನುವುದಕ್ಕೆ ಅದಕ್ಕಿಂತ ಸಲೀಸಾದ ಪುರಾವೆ ಎದುರಿನವರಿಗೆ ಇನ್ನೇನು ಬೇಕು? ಅವರೂ ನೋಡದೆ ದಾಟಿದರು, ತಪ್ಪು ಇಬ್ಬರದೂ ಇತ್ತು ಎಂದು ಆಮೇಲೆ ಹೇಳಹೊರಟರೆ ನಿಮ್ಮ ಮಾತಿಗೆ ನಿಮ್ಮ ರುಜುವೇ ಅಡ್ಡ ನಿಲ್ಲುತ್ತದೆ.

ಇನ್ಶೂರೆನ್ಸ್ ಸರಿಯಾಗಿದ್ದು ಡಿಎಲ್ ಕೂಡ ಸರಿಯಾಗಿದ್ದರೆ ಪರಿಹಾರದ ಹಣ ಕಂಪನಿ ಕೊಡುತ್ತದೆ, ಬಾಧೆ ಕಡಿಮೆ. ಪಾಲಿಸಿ ಮುಗಿದು ವಾರವಾಗಿದ್ದರೆ? ಆ ಹಣ ನಿಮ್ಮ ತಲೆಗೇ. ಗೇರ್ ಇಲ್ಲದ ಗಾಡಿಯ ಡಿಎಲ್ ಇಟ್ಟುಕೊಂಡು ಗೇರ್ ಬೈಕ್ ಓಡಿಸಿದ್ದರೆ? ಕಂಪನಿ ಗಾಯಾಳುವಿಗೆ ಕೊಟ್ಟು ನಿಮ್ಮಿಂದ ವಸೂಲಿಗೆ ನಿಲ್ಲಬಹುದು. 2019ರ ತಿದ್ದುಪಡಿ ಬಂದ ಮೇಲೆ ಸೆಕ್ಷನ್ 150ರಲ್ಲಿ, ಕುಡಿದು ಓಡಿಸಿದ್ದೂ ಕಂಪನಿ ಎತ್ತಬಹುದಾದ ತಕರಾರುಗಳಲ್ಲಿ ಸೇರಿದೆ. ಅಪಘಾತದ ಜೊತೆ 185 ಇದ್ದು, ಗಾಡಿ ಬಿಡಿಸಿಕೊಳ್ಳುವ ಆತುರಕ್ಕೆ ಹತ್ತು ಸಾವಿರ ಕಟ್ಟಿ ಒಪ್ಪಿಕೊಂಡವನು, ಲಕ್ಷಗಳ ಪರಿಹಾರದಿಂದ ತನ್ನನ್ನು ಕಾಯಬೇಕಿದ್ದ ಪಾಲಿಸಿಯನ್ನು ತಾನೇ ಹರಿದುಕೊಂಡಂತೆ.

ನಮ್ಮ ಹುಡುಗನ ಇನ್ಶೂರೆನ್ಸ್ ಇತ್ತು, ಡಿಎಲ್ ಸರಿಯಿತ್ತು. ‘ಹಾಗಾದ್ರೆ ಒಪ್ಕೊಳ್ಲಾ ಅಂಕಲ್?’ ಅಂದ. ಭಾವ ಬೇಡ ಎನ್ನಲಿಲ್ಲ. ಅದು ನನಗೆ ಹಿಡಿಸಿತು. ಒಪ್ಪಿಕೊಳ್ಳುವುದೇ ಸರಿ ಎನ್ನುವ ಕೇಸುಗಳೂ ಇವೆ. ತಪ್ಪು ಸ್ಪಷ್ಟವಾಗಿದ್ದಾಗ ವರ್ಷಗಟ್ಟಲೆ ಎಳೆಯುವುದರಲ್ಲಿ ಏನು ಪುರುಷಾರ್ಥ? ಆದರೆ ಒಪ್ಪಿಕೊಳ್ಳುವುದರಲ್ಲೂ ಕ್ರಮವಿದೆ. ಚಾರ್ಜ್‌ಶೀಟಿನ ಜೊತೆಗಿರುವ ಸ್ಥಳದ ನಕ್ಷೆ, ಗಾಡಿಯ ತಪಾಸಣೆ ವರದಿ, ವೈದ್ಯರ ಗಾಯದ ಪ್ರಮಾಣಪತ್ರ ಇವನ್ನು ಓದಿದ ಮೇಲೆ ಒಪ್ಪಿಕೊಳ್ಳುವುದು ಬೇರೆ, ಗೋಡೆಗೊರಗಿದವನ ಮಾತು ಕೇಳಿ ಒಪ್ಪಿಕೊಳ್ಳುವುದು ಬೇರೆ. ಮೊದಲ ತಪ್ಪಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಶಿಕ್ಷೆಯ ಬದಲು ಸನ್ನಡತೆಯ ಮುಚ್ಚಳಿಕೆ ಮೇಲೆ ಬಿಡಿ ಎಂದು ಕೇಳಬಹುದು. ಹಾಗೆ ಬಿಟ್ಟರೆ, ಶಿಕ್ಷೆಯಿಂದ ಅಂಟುವ ಅನರ್ಹತೆ ಅಂಟುವುದಿಲ್ಲ ಎಂದು ಅದರ ಸೆಕ್ಷನ್ 12 ಹೇಳುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ, ಸರ್ಕಾರಿ ಪರೀಕ್ಷೆ ಬರೆಯುವವನಿಗೆ ಇದು ಸಣ್ಣ ವಿಷಯವಲ್ಲ. ಆದರೆ ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಕೇಳಬೇಕು ಎಂದು ಗೊತ್ತಿರುವವರು ಪಕ್ಕದಲ್ಲಿರಬೇಕು.

ಅಪಘಾತದಲ್ಲಿ ಜೀವ ಹೋಗಿದ್ದರೆ ಈ ಚರ್ಚೆಯೇ ಇಲ್ಲ. ಹಳೆಯ ದಂಡ ಸಂಹಿತೆಯ 304ಎ ಅಡಿ ಎರಡು ವರ್ಷದವರೆಗಿದ್ದ ಜೈಲು ಈಗ ನ್ಯಾಯ ಸಂಹಿತೆಯ 106(1)ರಡಿ ಐದು ವರ್ಷದವರೆಗೆ. ಅಂಥ ಕೇಸಿನಲ್ಲಿ ಪರಿವೀಕ್ಷಣೆಯ ಉದಾರತೆ ಸಲ್ಲದೆಂದು ಸುಪ್ರೀಂ ಕೋರ್ಟು 2000ದಲ್ಲೇ ಕಟುವಾಗಿ ಹೇಳಿದೆ. ಮೊದಲ ದಿನವೇ, ಠಾಣೆಯಲ್ಲಿ ಏನಾದರೂ ಬರೆದುಕೊಡುವ ಮುಂಚೆಯೇ, ವಕೀಲರು ಬೇಕು. ದುಡ್ಡಿಲ್ಲ ಎನ್ನುವುದು ಕಾರಣವಾಗಬಾರದು, ಅದಕ್ಕೆ ಆಮೇಲೆ ಬರುತ್ತೇನೆ.

ಮಾರಿದ ಗಾಡಿಯ ಕಥೆ ಇದಕ್ಕೇ ಸೇರಿದ್ದು. ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ, ಕೀ ಕೊಟ್ಟು, ಹಣ ಎಣಿಸಿಕೊಂಡ ಮೇಲೆ ಗಾಡಿ ನಮ್ಮದಲ್ಲ ಎಂದು ನಾವು ತಿಳಿದಿರುತ್ತೇವೆ. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಕಾನೂನು ಹಾಗೆ ತಿಳಿಯುವುದಿಲ್ಲ. ಗಾಡಿ ಒಬ್ಬರಿಂದೊಬ್ಬರಿಗೆ ಕೈ ಬದಲಾಗುತ್ತಾ ಹೋಗಿದ್ದ ಒಂದು ಪ್ರಕರಣದಲ್ಲಿ, ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿತ್ತೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ, ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ, ತೀರ್ಪು ಕೊಟ್ಟಿತು. ಮಾರಿದ ಗಾಡಿಗೆ ಐನೂರರ ಚಲನ್ ಬಂದರೆ ‘ಅವನು ಕಟ್ಟಿಕೊಳ್ಳಲಿ’ ಎಂದು ನಗುವವರಿಗೆ ನಾನು ಹೇಳುವುದು, ಆ ಚಲನ್ ನಿಮಗೆ ಬಂದ ಒಳ್ಳೆಯ ಸುದ್ದಿ. ಹೆಸರು ಇನ್ನೂ ಬದಲಾಗಿಲ್ಲ ಎಂದು ಐನೂರಕ್ಕೆ ಗೊತ್ತಾಯಿತು.

ವಕೀಲರು ಬೇಕು ಎಂದಾದ ಮೇಲೂ ಪೂರ್ತಿ ಕೇಸು ಒಪ್ಪಿಸಲೇಬೇಕೆಂದಿಲ್ಲ. ಸುಮ್ಮನೆ ಕಾಗದ ತೋರಿಸಿ, ಕನ್ಸಲ್ಟೇಷನ್ ಫೀಸು ಕೊಟ್ಟು, ಅಭಿಪ್ರಾಯ ಕೇಳಿಕೊಂಡು ಬರಬಹುದು. ನಮ್ಮ ಪರವಾಗಿ ಕೇಸು ನಡೆಸಿ ಎಂದು ಬರೆದುಕೊಡುವ ವಕಾಲತ್ತಿಗೆ ಸಹಿ ಹಾಕುವುದು ಅದರ ನಂತರದ ಮಾತು. ಒಮ್ಮೆ ಒಬ್ಬರಿಗೆ ವಕಾಲತ್ತು ಕೊಟ್ಟರೆ ಬದಲಾಯಿಸಲು ಅವರ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎನ್ನುವ ಒಪ್ಪಿಗೆ, ಕೇಳಬೇಕಾಗುತ್ತದೆ. ಫೀಸು ಒಟ್ಟಿಗೋ ತಾರೀಖಿಗೋ ಎಂದು ಮೊದಲೇ ಕೇಳಿ, ಅದಕ್ಕೆ ನಾಚಿಕೆ ಬೇಡ. ಕೇಸು ಗೆದ್ದರೆ ಇಷ್ಟು, ಪರಿಹಾರದಲ್ಲಿ ಇಷ್ಟು ಪಾಲು ಎನ್ನುವವರಿಂದ ದೂರವಿರಿ. ಫಲಿತಾಂಶಕ್ಕೆ ಫೀಸು ಕಟ್ಟುವುದನ್ನು ಬಾರ್ ಕೌನ್ಸಿಲ್ ನಿಯಮಗಳೇ ಒಪ್ಪುವುದಿಲ್ಲ. ‘ಖಂಡಿತ ಬಿಡಿಸ್ತೀನಿ’ ಎನ್ನುವವರಿಂದ ಇನ್ನೂ ದೂರ.

ಬೇರೆ ಊರಿನ ಕೇಸಾದರೆ ವಕೀಲರ ಲೆಕ್ಕ ಬದಲಾಗುತ್ತದೆ. ಮಂಗಳೂರಿನವರಿಗೆ ಕಲಬುರಗಿಯಲ್ಲಿ ಕೇಸಾಗಿದ್ದರೆ ಒಂದು ತಾರೀಖಿಗೆ ಹೋಗಿಬರುವ ಖರ್ಚು, ರಜೆ ಸೇರಿಸಿದರೆ ಅಲ್ಲಿಯ ವಕೀಲರ ಫೀಸೇ ಅಗ್ಗ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 208ರಡಿ ಬರುವ ಸಮನ್ಸ್‌ನಲ್ಲಿ ಖುದ್ದಾಗಿಯೋ ವಕೀಲರ ಮೂಲಕವೋ ಹಾಜರಾಗಬಹುದು ಎಂದಿರುತ್ತದೆ. ಉಳಿದ ಕೇಸುಗಳಲ್ಲಿ ಖುದ್ದು ಹಾಜರಿಯಿಂದ ವಿನಾಯಿತಿ ಕೊಡಿ ಎಂದು ಅರ್ಜಿ ಹಾಕಲೂ ವಕೀಲರೇ ಬೇಕು.

ದುಡ್ಡಿನ ವಿಷಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ಅಂಗವಿಕಲರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಉಳಿದವರಿಗೆ ಆದಾಯ ಮಿತಿಯಿದೆ. ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲೂ ಕಾನೂನು ಸೇವೆಗಳ ಸಮಿತಿಯ ಕೋಣೆ ಇರುತ್ತದೆ, ಸಹಾಯವಾಣಿ 15100. ರಾಜಿಯಾಗುವ ಕೇಸುಗಳು, ಅಪಘಾತ ಪರಿಹಾರದ ಅರ್ಜಿಗಳು ಲೋಕ ಅದಾಲತ್‌ನಲ್ಲೂ ಮುಗಿಯುತ್ತವೆ. ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ ಎನ್ನುವುದನ್ನು ನೆನಪಿಟ್ಟುಕೊಂಡು ಸಹಿ ಹಾಕಬೇಕು. ಆ ಕ್ಯಾಬ್ ಚಾಲಕರ ಡಿಎಲ್ ಅಮಾನತಿನ ವಿರುದ್ಧದ ಮೇಲ್ಮನವಿಯನ್ನು ಬರೆದುಕೊಟ್ಟವರು ಸಮಿತಿಯ ಪಟ್ಟಿಯಲ್ಲಿದ್ದ ಒಬ್ಬ ಯುವ ವಕೀಲೆ, ಒಂದು ರೂಪಾಯಿ ಫೀಸಿಲ್ಲದೆ. ಗೋಡೆಗೊರಗಿದ್ದ ಆಸಾಮಿ ಅವತ್ತು ನಮ್ಮಿಂದ ಕೇಳಿದ್ದಂತೂ ಕಾಫಿಗೆ ಐನೂರು.